ಸೋಡಾ ಹಾಕಿ ತೊಳೆದ ಗಾಲಿ

ಮೊಮ್ಮಗಳು ಹುಟ್ಟಿ ಇವತ್ತಿಗೆ ಇಪ್ಪತ್ತೆರಡು ದಿನ. ಈ ಇಪ್ಪತ್ತೆರಡು ದಿನದಲ್ಲಿ ಅವಳು ತೊಟ್ಟಿಲಿನಲ್ಲಿ ಮಲಗಿದ್ದಕ್ಕಿಂತ ನನ್ನ ತೊಡೆಯ ಮೇಲೆ ಮಲಗಿದ್ದೇ ಹೆಚ್ಚು. ಚಹಾ ಕುಡಿಯುವಾಗಲೂ ಒಂದು ಕೈಯಲ್ಲಿ ಬಸಿ, ಇನ್ನೊಂದು ಕೈಯಲ್ಲಿ ಅವಳು. ಅವಳು ಆಕಳಿಸಿದರೆ ಮನೆಯವರನ್ನೆಲ್ಲ ಕರೆದು ತೋರಿಸುತ್ತೇನೆ. ಸೀನಿದರೆ ಕೆಳಗಿನ ಮಹಡಿಯವರಿಗೂ ಹೋಗಿ ಹೇಳಿ ಬರುತ್ತೇನೆ. ಅಂಗಾಲು ನನ್ನ ಹೆಬ್ಬೆರಳಿನಷ್ಟು ಇದೆ, ಅಷ್ಟರಲ್ಲೇ ಐದು ಬೆರಳು, ಐದಕ್ಕೂ ಉಗುರು! ಇದನ್ನು ನೋಡಿ ಸುಮ್ಮನೆ ಕೂಡಲಿಕ್ಕೆ ಯಾರಿಂದಾದರೂ ಆಗುತ್ತದೆಯೇ?

ಮಗಳು ಬೈಯುತ್ತಾಳೆ. "ಅಪ್ಪಾ, ಸ್ವಲ್ಪ ಕೆಳಗ ಇಡು ಆಕಿನ್ನ. ಆದತ್ ಆಗತೈತಿ. ನಾಳೆ ನಾ ಮನಿಗೆ ಹೋದ ಮ್ಯಾಲ ಯಾರ್ ಎತ್ಕೊಂಡ್ ಕೂಡೋರು?"

ನನ್ನ ಹೆಂಡತಿ ಅಡುಗೆಮನೆಯಿಂದಲೇ ಹೇಳುತ್ತಾಳೆ. "ಬಿಡ ಅವರನ್ನ. ನಿನಗ ಮಾಡ್ಲಿಲ್ಲಲ್ಲ, ಈಗ ಮಾಡಾಕತ್ತಾರ."

ಮಗಳು ಇದನ್ನು ತಮಾಷೆ ಎಂದುಕೊಂಡು ನಗುತ್ತಾಳೆ. ತಮಾಷೆಯಲ್ಲ. ಅವಳು ಹುಟ್ಟಿ ಆರು ತಿಂಗಳಾಗುವ ತನಕ ನಾನು ಅವಳನ್ನು ಮುಟ್ಟಿರಲಿಲ್ಲ. ಬಾಯಿಂದ ಹೇಳಲಿಕ್ಕೆ ಹೋದರೆ ಮಾತು ಬೇರೆ ಕಡೆ ಹೋಗುತ್ತದೆ. ನಾನು ಕಲಿತದ್ದು ಮೂರನೇ ಇಯತ್ತೆ. ಬರೆದರೆ ಅಕ್ಷರ ಓಡಿಹೋಗುವುದಿಲ್ಲ ಎಂದು ಈ ನೋಟ್‌ಬುಕ್ ಹಿಡಿದಿದ್ದೇನೆ. ಮಗುವನ್ನು ಮುಟ್ಟದೆ ಇದ್ದ ಆ ಕಥೆ ಶುರುವಾಗುವುದು ಒಂದು ಕಾರಿನ ಗಾಲಿಯಿಂದ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ವಿಜಾಪುರದ ಕಡೆಯಿಂದ ಬಂದು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮೂರು ವರ್ಷ ಮೋರಿಯ ಮುಂದೆ ಕೂತೆ. ಅಲ್ಲಿಗೆ ಚಹಾ ಕುಡಿಯಲಿಕ್ಕೆ ಬರುತ್ತಿದ್ದ ಒಬ್ಬ ಡ್ರೈವರ್ ಕುಂದಾಪುರದ ಕಡೆಯವನು, ನನಗಿಂತ ಹತ್ತು ವರ್ಷ ದೊಡ್ಡವನು. ಅವನ ಸಾಹೇಬರಿಗೆ ಕಾರು ತೊಳೆಯುವ ಆಳು ಬೇಕಾಗಿತ್ತು. "ಇವ ತೊಳೆದ ತಟ್ಟೆಯಲ್ಲಿ ಮುಖ ಕಾಣ್ತದೆ ಸಾರ್" ಎಂದು ಹೇಳಿ ನನ್ನನ್ನು ಅಂಧೇರಿಗೆ ಕರೆದುಕೊಂಡು ಹೋದ. ಬಿಲ್ಡಿಂಗಿನ ಹಿಂದೆ ಗ್ಯಾರೇಜು, ಗ್ಯಾರೇಜಿಗೆ ಹತ್ತಿಕೊಂಡು ಒಂದು ಖೋಲಿ. ಕೆಲಸ ಇರುವ ತನಕ ಖೋಲಿ ನನ್ನದು. ಆ ಖೋಲಿಯ ಧೈರ್ಯದ ಮೇಲೆಯೇ ನಾನು ಮದುವೆಯಾದೆ.

ಸಾಹೇಬರು ವಿಕ್ರೋಳಿಯ ಕಡೆ ಒಂದು ಕಾರ್ಖಾನೆಯಲ್ಲಿ ದೊಡ್ಡ ಇಂಜಿನಿಯರು. ಹೊರದೇಶದಲ್ಲಿ ನಾಲ್ಕು ವರ್ಷ ಇದ್ದು ಬರುವಾಗ ಕಾರು ತಂದಿದ್ದರು. ಕಾರಿಗಿಂತ ಅದರ ಗಾಲಿಗಳ ಮೇಲೆ ಅವರಿಗೆ ಹೆಚ್ಚು ಜೀವ. ಆಗ ಮುಂಬಯಿಯ ಕಾರುಗಳಿಗೆಲ್ಲ ಕಬ್ಬಿಣದ ಗಾಲಿ, ಮೇಲೊಂದು ಹೊಳೆಯುವ ಮುಚ್ಚಳ. ಇವು ಅಲಾಯ್ ಗಾಲಿ. ಹೂವಿನ ಎಸಳಿನ ಹಾಗೆ ಕಡ್ಡಿಗಳು, ನಡುನಡುವೆ ಸಂದು. ಹೊಳಪು ಎಂದರೆ ಸ್ಟೀಲ್ ತಾಟಿನ ಹಾಗೆ ಕಣ್ಣು ಕುಕ್ಕುವ ಹೊಳಪಲ್ಲ, ರೇಷ್ಮೆಯ ಮೇಲೆ ಬೆಳಕು ಬಿದ್ದ ಹಾಗೆ. ಸಿಗ್ನಲಿನಲ್ಲಿ ನಿಂತರೆ ಟ್ಯಾಕ್ಸಿಯವರು ಬಗ್ಗಿ ನೋಡುತ್ತಿದ್ದರು.

ಆ ಹೊಳಪು ಬಣ್ಣವಲ್ಲ, ಅದಕ್ಕೆ ಆನೊಡೈಜ್ ಎನ್ನುತ್ತಾರೆ ಎಂದು ಡ್ರೈವರ್ ಮೊದಲ ದಿನವೇ ಹೇಳಿದ್ದ. ಕಾರಿನ ಜೊತೆ ಬಂದ ಇಂಗ್ಲಿಷ್ ಕಾಗದವೊಂದು ಅವನ ಹತ್ತಿರ ಇತ್ತು. ಬೆರಳಿಟ್ಟು ಓದುತ್ತಿದ್ದ. "ನೋಡು, ಮೆತ್ತಗಿನ ಸಾಬೂನು ಮಾತ್ರ. ತಣ್ಣೀರು. ಗಾಲಿ ಬಿಸಿ ಇರುವಾಗ ಮುಟ್ಟಬೇಡ. ಮತ್ತೆ ಎಂತದೋ ಹಾಕಬೇಡ ಅಂತ ಉಂಟು, ಆ ಶಬ್ದ ನನಗೆ ಬರುದಿಲ್ಲ." ಏನು ಹಾಕಬಾರದು ಎನ್ನುವ ಆ ಒಂದು ಶಬ್ದವೇ ಮುಂದೆ ನನಗೆ ಬೇಕಾಗಿತ್ತು.

ಒಂದು ವರ್ಷ ಎಲ್ಲ ಸರಿಯಾಗಿತ್ತು. ಎರಡನೆಯ ವರ್ಷ ದಸರೆಗೆ ಒಂದು ತಿಂಗಳ ಮುಂಚೆ ಹೆಂಡತಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದಳು. ಆ ದಿನಗಳಲ್ಲಿ ನನ್ನ ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಜೋಮು ಹಿಡಿದ ಹಾಗೆ ಇದ್ದವು. ಬೀಡಿ ಸುಟ್ಟದ್ದು ಗೊತ್ತಾಗಲಿಲ್ಲ, ವಾಸನೆ ಬಂದ ಮೇಲೆ ನೋಡಿದೆ. ಮೊಣಕೈ ಕೆಳಗೆ ಒಂದು ಕಡೆ ಚರ್ಮ ಬಣ್ಣಗೆಟ್ಟಿತ್ತು. ಅಲ್ಲಿ ಬೆವರು ಬರುತ್ತಿರಲಿಲ್ಲ. ದಿನವಿಡೀ ನೀರಲ್ಲಿ ಕೈ ಇಟ್ಟವನಿಗೆ ಇನ್ನೇನಾಗುತ್ತದೆ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಬೆಳಗ್ಗೆ ಕಾರು ತೊಳೆಯಬೇಕಾಗಿತ್ತು. ಮರುದಿನ ಗಾಲಿಗೆ ಅರಿಶಿನ ಕುಂಕುಮ ಹಚ್ಚಿ, ಕೆಳಗೆ ಲಿಂಬೆಹಣ್ಣು ಇಡುವುದು ಡ್ರೈವರನ ಪದ್ಧತಿ. ಸಾಹೇಬರು ಹಿಂದಿನ ವಾರ ಪುಣೆಗೆ ಹೋಗಿ ಬಂದಿದ್ದರು. ಘಾಟಿನಲ್ಲಿ ಬ್ರೇಕ್ ಹಿಡಿದು ಹಿಡಿದು, ಬ್ರೇಕಿನ ಕರಿ ಪುಡಿ ಮುಂದಿನ ಗಾಲಿಯ ಸಂದುಗಳಲ್ಲಿ ಸುಟ್ಟು ಕೂತಿತ್ತು. ಸಾಬೂನಿಗೆ ಬಿಡಲಿಲ್ಲ. ಎರಡು ಸಲ ತಿಕ್ಕಿದೆ, ಬಿಡಲಿಲ್ಲ. ಹೋಟೆಲಿನ ದೋಸೆ ಕಾವಲಿಯ ಅಂಚಿನಲ್ಲಿ ಎಣ್ಣೆ ಸುಟ್ಟು ಕೂತಿರುತ್ತದಲ್ಲ, ಥೇಟ್ ಹಾಗೆ.

ಕಾವಲಿಗೆ ನಾವು ಏನು ಮಾಡುತ್ತಿದ್ದೆವು? ಕಾಸ್ಟಿಕ್ ಸೋಡಾ. ಬಿಟ್ಟು ಬರುವಾಗ ಹಳೇ ಹೋಟೆಲಿನಿಂದ ಒಂದು ಡಬ್ಬಿ ತಂದಿಟ್ಟಿದ್ದೆ. ಅದರ ನೀರು ಎಷ್ಟು ಖಾರ ಆಯಿತು ಎಂದು ನೋಡಲಿಕ್ಕೆ ಮೋರಿಯವರದ್ದೇ ಒಂದು ರೀತಿ ಇತ್ತು. ಬಲಗೈ ಕಿರುಬೆರಳಿನ ತುದಿಯನ್ನು ಅದ್ದಬೇಕು, ಚುರ್ ಎಂದ ಕೂಡಲೇ ತೆಗೆದು ತಣ್ಣೀರಿಗೆ ಹಾಕಬೇಕು. ಚುರ್ ಎಂದರೆ ಸಾಕು. ಎನ್ನದಿದ್ದರೆ ಇನ್ನೊಂದು ಹಿಡಿ.

ಬಕೆಟಿಗೆ ಒಂದು ಹಿಡಿ ಹಾಕಿ ಕಿರುಬೆರಳು ಅದ್ದಿದೆ. ಏನೂ ಆಗಲಿಲ್ಲ. ಸೋಡಾ ಹಳತಾಗಿ ಸತ್ತುಹೋಗಿದೆ ಎಂದುಕೊಂಡೆ. ಇನ್ನೊಂದು ಹಿಡಿ. ಅದ್ದಿದೆ. ಇಲ್ಲ. ಡಬ್ಬಿಯಲ್ಲಿದ್ದದ್ದೆಲ್ಲ ಸುರಿದೆ. ಆಗಲೂ ಇಲ್ಲ. ಬಕೆಟ್ಟು ಮಾತ್ರ ಬೆಚ್ಚಗಾಗಿತ್ತು. ಬಕೆಟಿನಲ್ಲಿ ಅದ್ದಿದ ತೆಂಗಿನ ನಾರಿನ ಒಣ ತುದಿಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಅಂಗೈಯ ಹೊರ ಅಂಚನ್ನು ಗಾಲಿಗೆ ಊರಿ, ಸಂದಿಗೆ ತೂರಿಸಿ ತಿಕ್ಕಿದೆ.

ಗಾಲಿ ಸುಂಯ್ ಎಂದಿತು. ಸಣ್ಣ ಸಣ್ಣ ಗುಳ್ಳೆ ಎದ್ದು ನೊರೆ ಬಂತು. ಕರಿ ಬಿಡುತ್ತಿದೆ ಎಂದು ನನಗೆ ಖುಷಿ. ಕರಿ ಬಿಟ್ಟಿತು ಕೂಡ. ನೀರು ಸುರಿದು ನೋಡಿದರೆ ಕರಿಯ ಜೊತೆ ರೇಷ್ಮೆಯೂ ಹೋಗಿತ್ತು. ಗಾಲಿಗೆ ಬೂದಿ ಬಳಿದ ಹಾಗಾಗಿತ್ತು. ಒರೆಸಿದೆ, ಹಾಗೇ ಇತ್ತು. ನಾರನ್ನು ಪಕ್ಕಕ್ಕೆ ಸರಿಸುವಾಗ ಅದರಿಂದ ಒಂದು ಹನಿ ಎಡಗೈಯ ಮೇಲೆ ಸಿಡಿಯಿತು. ಎಡಗೈ ಚುರ್ ಎಂದಿತು. ಬೆಂಕಿ ಇಟ್ಟ ಹಾಗೆ ಎಂದಿತು. ಆ ಸೋಡಾ ಸತ್ತಿರಲಿಲ್ಲ.

ಡ್ರೈವರ್ ಬಂದು ನೋಡಿದ. ಅವನ ಕೈಯಲ್ಲಿ ಚೆಂಡುಹೂವಿನ ಹಾರ ಇತ್ತು.

"ಎಂತ ಮಾಡಿದ್ದು ನೀನು?"

"ಕರಿ ಹೋಗವಲ್ದಾಗಿತ್ತ್ರಿ ಅಣ್ಣಾರ. ಸೋಡಾ ಹಾಕಿ ತೊಳದೆ."

"ಸೋಡಾ! ನಿನ್ನ ಮಂಡೆ ಸಮ ಉಂಟಾ? ಇದೆಂತ ಹೋಟೆಲಿನ ಕಾವಲಿಯಾ? ಇದರ ಮೇಲೆ ದೋಸೆ ಹೊಯ್ಲಿಕ್ಕೆ ಉಂಟಾ ನಿನಗೆ? ನಿನ್ನನ್ನು ತಂದು ಸೇರಿಸಿದ್ದು ನಾನು ಮಾರಾಯ, ನಾನು! ಈಗ ಸಾಹೇಬರಿಗೆ ಎಂತ ಹೇಳುದು?"

ಹೇಳುವುದು ಬೇಕಾಗಲಿಲ್ಲ. ಸಾಹೇಬರು ಅಷ್ಟರಲ್ಲೇ ಕೆಳಗೆ ಬಂದರು. ಗಾಲಿ ನೋಡಿದರು. ಅವರ ಮುಖ ಕೆಂಪಾಯಿತು, ಬಾಯಿ ತೆರೆದರು. ಆಮೇಲೆ ನನ್ನ ಕೈ ನೋಡಿದರು, ಬಾಯಿ ಹಾಗೇ ನಿಂತಿತು. ನಾನೂ ನೋಡಿಕೊಂಡೆ. ಅಂಗೈಯ ಅಂಚು, ಎರಡು ಬೆರಳು ನೆನೆದ ಸಾಬೂನಿನ ಹಾಗೆ ಲೋಳೆಯಾಗಿದ್ದವು. ಒಂದು ಕಡೆ ಚರ್ಮ ಎದ್ದಿತ್ತು, ಒಳಗೆ ಕೆಂಪು ಕಾಣುತ್ತಿತ್ತು.

"ಹಾಥ್ ಜಲ್ತಾ ನಹೀಂ ಕ್ಯಾ?" ಎಂದರು. ಉರಿಯುವುದಿಲ್ಲವೇ ಎಂದು.

"ನಹೀಂ ಸಾಹೇಬ್."

ನಲ್ಲಿಯ ಕೆಳಗೆ ಕೈ ಹಿಡಿಸಿ ಬಹಳ ಹೊತ್ತು ನೀರು ಬಿಡಿಸಿದರು. ಜೇಬಿನಿಂದ ಕಾರಿನ ಕೀಲಿ ತೆಗೆದು, ನನಗೆ ಬೇರೆ ಕಡೆ ನೋಡಲಿಕ್ಕೆ ಹೇಳಿದರು. ನೋಡಿದೆ. ಸ್ವಲ್ಪ ಹೊತ್ತಾದ ಮೇಲೆ "ಲಗಾ?" ಎಂದರು, ತಾಗಿತೇ ಎಂದು. ಇನ್ನೂ ಮುಟ್ಟಿಲ್ಲವಲ್ಲ ಎಂದುಕೊಂಡು ತಿರುಗಿದೆ. ಕೀಲಿಯ ತುದಿ ನನ್ನ ಕಿರುಬೆರಳಿನ ಮೇಲೆ ಒತ್ತಿಕೊಂಡು ಇತ್ತು. ಡ್ರೈವರ್ ಹಾರವನ್ನು ಕಾರಿನ ಮೇಲೆ ಇಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಅವನಿಗೂ ಗೊತ್ತಾಗಿತ್ತು, ನನಗೂ. ರೋಗದ ಹೆಸರನ್ನು ಯಾರೂ ಹೇಳಲಿಲ್ಲ.

ಹೆಸರು ಹೇಳಿದ್ದು ದೊಡ್ಡ ಆಸ್ಪತ್ರೆಯ ಚರ್ಮದ ಡಾಕ್ಟರ್. ಮರಾಠಿ ಹೆಂಗಸು. ನನ್ನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಅಲ್ಲಿ ಇಲ್ಲಿ ಮುಟ್ಟಿ, ಮುಟ್ಟಿದ ಕಡೆ ಬೆರಳಿಡು ಎಂದರು. ನಾನು ಕೆಲವು ಕಡೆ ಇಟ್ಟೆ. ಇಡದೆ ಇದ್ದ ಕಡೆಗೆಲ್ಲ ಅವರು ಪೆನ್ನಿನಿಂದ ಗೆರೆ ಎಳೆದರು. ಕಣ್ಣು ಬಿಟ್ಟಾಗ ನನ್ನ ಕೈಯ ಮೇಲೆ ಒಂದು ನಕಾಶೆ ಇತ್ತು. ಮಹಾರೋಗದ, ಅಂದರೆ ಕುಷ್ಠದ ಶುರು, ಒಂದೇ ಕಡೆ ಇದೆ, ಹರಡುವ ಜಾತಿಯದ್ದಲ್ಲ, ದಿನಾ ಗುಳಿಗೆ ತಪ್ಪಿಸಬೇಡ, ಎರಡು ಮೂರು ವರ್ಷ, ಬೆರಳು ಉಳಿಯುತ್ತವೆ ಎಂದರು. ಇವನ ಹೆಂಡತಿ ಗರ್ಭಿಣಿ ಎಂದು ಜೊತೆಗೆ ಬಂದಿದ್ದ ಡ್ರೈವರ್ ಹೇಳಿದ. "ಬಾಳಾಲಾ ಘೇ, ಕಾಹೀ ಹೋತ ನಾಹೀ" ಎಂದರು. ಮಗುವನ್ನು ಎತ್ತಿಕೋ, ಏನೂ ಆಗುವುದಿಲ್ಲ.

ಕೇಳಿಸಿಕೊಂಡೆ. ನಂಬಲಿಲ್ಲ. ನಮ್ಮೂರಲ್ಲಿ ಒಬ್ಬನಿಗೆ ಹಳ್ಳದ ಆಚೆ ಗುಡಿಸಲು ಹಾಕಿಕೊಟ್ಟಿದ್ದರು. ಅವನ ಹೆಂಡತಿ ರೊಟ್ಟಿಯನ್ನು ಕಲ್ಲಿನ ಮೇಲೆ ಇಟ್ಟು, ಕೂಗಿ ಹೇಳಿ, ತಿರುಗಿ ನೋಡದೆ ಬರುತ್ತಿದ್ದಳು. ನಾನು ಚಿಕ್ಕವನಿದ್ದಾಗ ಅದನ್ನು ನೋಡಿದ್ದೆ. ಡಾಕ್ಟರ್ ಹೇಳಿದ ಮಾತಿಗಿಂತ ಆ ಕಲ್ಲು ನನಗೆ ಹೆಚ್ಚು ನಿಜವಾಗಿತ್ತು.

ಸಾಹೇಬರು ನನ್ನನ್ನು ತೆಗೆಯಲಿಲ್ಲ. "ಬಿಲ್ಡಿಂಗ್ ಮೇ ಕಿಸೀಕೋ ಮತ್ ಬೋಲ್ನಾ" ಎಂದರು, ಯಾರಿಗೂ ಹೇಳಬೇಡ ಎಂದು, ಅಷ್ಟೇ. ಡಿಕ್ಕಿಯಲ್ಲಿದ್ದ ಐದನೆಯ ಗಾಲಿಯನ್ನು ತೆಗೆದು ಹಾಕಿಸಿದರು, ಕೆಟ್ಟದ್ದು ಸ್ಟೆಪ್ನಿಯಾಗಿ ಡಿಕ್ಕಿಗೆ ಹೋಯಿತು. ಒಂದು ಭಾನುವಾರ ಕೆಳಗೆ ಕೂತು ನನಗೆ ತಿಳಿಸಿ ಹೇಳಿದರು. ಆನೊಡೈಜ್ ಎನ್ನುವುದು ಲೇಪವಲ್ಲ, ಆಸಿಡ್ಡಿನ ತೊಟ್ಟಿಯಲ್ಲಿ ಇಟ್ಟು ಕರೆಂಟು ಕೊಟ್ಟು, ಆ ಲೋಹದಿಂದಲೇ ಎಬ್ಬಿಸಿದ ತೊಗಲು. ಬಹಳ ತೆಳು, ಬಹಳ ಗಟ್ಟಿ. ಸೋಡಾ ಒಂದೇ ಅದನ್ನು ತಿನ್ನುತ್ತದೆ ಎಂದಲ್ಲ, ಹುಣಸೆಹಣ್ಣೂ ಬೂದಿಯೂ ದಿನಾ ಬಿದ್ದರೆ ತಿನ್ನುತ್ತವೆ. ತೊಗಲು ಹೋದ ಗಾಲಿಯನ್ನು ಹಾಗೇ ಬಿಟ್ಟರೆ ಸಮುದ್ರದ ಗಾಳಿಗೆ ಬಿಳಿ ಬಿಳಿ ಹಿಟ್ಟು ಏಳುತ್ತದೆ. ಅದಕ್ಕೆ ವಾರವಾರ ಮೇಣ ತಿಕ್ಕಬೇಕು.

ಅವರ ಕಾರ್ಖಾನೆಯಲ್ಲಿ ಆಸಿಡ್ಡಿನ ತೊಟ್ಟಿಯ ಹತ್ತಿರ ಕೆಲಸ ಮಾಡುವವರು ಹಾಕುವ ರಬ್ಬರಿನ ಕೈಗವಸು ತಂದುಕೊಟ್ಟರು. ಅದನ್ನು ಹಾಕಿ ಕೂತರೆ ಪಕ್ಕದ ಬಿಲ್ಡಿಂಗಿನ ಡ್ರೈವರುಗಳಿಗೆ ಚೇಷ್ಟೆ. "ಕ್ಯಾ ಡಾಕ್ಟರ್ ಸಾಬ್, ಆಜ್ ಕಿಸ್ಕಾ ಆಪರೇಶನ್ ಹೈ?" ನಾನು ನಗುತ್ತಿದ್ದೆ. ನಗು ಮುಖದ ಮೇಲಷ್ಟೇ ಇತ್ತು.

ಕೆಲಸ ನಡೆಯಿತು. ಬೆಳಗ್ಗೆ ಗಾಲಿ ತಣ್ಣಗಿರುವಾಗ ಮೊದಲು ಬರೀ ನೀರು, ಮರಳು ಹೋಗಲಿ ಎಂದು. ಆಮೇಲೆ ಮೈಸಾಬೂನಿನ ನೊರೆ, ಹಳೇ ಬನಿಯನ್ ಬಟ್ಟೆ. ಗಾಲಿಯ ಬಟ್ಟೆ ಬೇರೆ, ಬಾಡಿಯ ಬಟ್ಟೆ ಬೇರೆ. ನೀರು ತಾನೇ ಒಣಗಲಿಕ್ಕೆ ಬಿಡಬಾರದು, ಕಲೆ ಕೂರುತ್ತದೆ. ಒರೆಸಿ, ಕಾಳಿನಷ್ಟು ಮೇಣ ಹಚ್ಚಿ, ಮಸುಕಾದ ಮೇಲೆ ಉಜ್ಜಿ ತೆಗೆಯಬೇಕು. ಮುಂಚೆ ಎಲ್ಲ ಆದ ಮೇಲೆ ಬೆರಳು ಆಡಿಸಿ ನೋಡುತ್ತಿದ್ದೆ, ಮರಳಿನ ಕಣ ಉಳಿದಿದ್ದರೆ ಗೊತ್ತಾಗುತ್ತಿತ್ತು. ಈಗ ಕೂತು ಕಣ್ಣಿನಿಂದ ಹುಡುಕುತ್ತಿದ್ದೆ. ಅದಾದ ಮೇಲೆ ನನ್ನ ಕೈ. ಅದನ್ನೂ ನೀರಲ್ಲಿ ನೆನೆಸಿ, ಗಾಯ ಏನಾದರೂ ಇದೆಯೇ ಎಂದು ಹೊರಳಿಸಿ ನೋಡಿ, ಕೊಬ್ಬರಿ ಎಣ್ಣೆ ಹಚ್ಚಬೇಕು ಎಂದು ಡಾಕ್ಟರ್ ಹೇಳಿದ್ದರು. ಗಾಲಿಗೆ ಆಗುವಷ್ಟು ಹೊತ್ತೇ ಅದಕ್ಕೂ ಆಗುತ್ತಿತ್ತು. ಎರಡನ್ನೂ ಒಂದೇ ಮನಸ್ಸಿನಿಂದ ಮಾಡುತ್ತಿದ್ದೆ. ಮನಸ್ಸು ಎಂದರೆ ಏನೂ ಇರಲಿಲ್ಲ ಅಲ್ಲಿ.

ದೀಪಾವಳಿ ಕಳೆದು ಭಾವಮೈದುನನ ಕಾರ್ಡು ಬಂತು. ಹೆಣ್ಣು ಕೂಸು, ಇಬ್ಬರೂ ಆರಾಮ. ಡ್ರೈವರ್ ತಾನೇ ಹೋಗಿ ಪೇಡೆ ತಂದು ಬಿಲ್ಡಿಂಗಿಗೆಲ್ಲ ಹಂಚಿದ. ನನ್ನ ಬಾಯಿಗೂ ಒಂದು ಇಟ್ಟ. ಸಿಹಿ ಇತ್ತು ಅನ್ನಿಸುತ್ತದೆ. ಊರಿಗೆ ಹೋಗಿ ನೋಡಿ ಬಾ ಎಂದು ಸಾಹೇಬರೇ ರಜೆ ಕೊಟ್ಟರು. ಕಾರು ಯಾರು ತೊಳೆಯುತ್ತಾರೆ ಎಂದು ಹೇಳಿ ಹೋಗಲಿಲ್ಲ.

ಐದು ತಿಂಗಳು ತುಂಬಿದ ಮೇಲೆ ಹೆಂಡತಿ ಕೂಸಿನ ಜೊತೆ ಬಂದಳು. ದಾದರ್ ಸ್ಟೇಷನ್ನಿನಲ್ಲಿ ಗಾಡಿ ಇಳಿದವಳು ಮೊದಲು ಕೂಸನ್ನೇ ನನ್ನ ಕಡೆ ಚಾಚಿದಳು. ನಾನು ಟ್ರಂಕ್ ಎತ್ತಿಕೊಂಡೆ.

ಮರುದಿನ "ತಗೋರಿ" ಎಂದಳು. ಕೈಗೆ ಎಣ್ಣೆ ಹತ್ತಿದೆ ಎಂದೆ. ಇನ್ನೊಂದು ದಿನ ಥಂಡಿಯಾಗಿದೆ ಎಂದೆ. ಇನ್ನೊಂದು ದಿನ ಏನೂ ಹೇಳಲಿಲ್ಲ. ಗುಳಿಗೆಯನ್ನು ಗ್ಯಾರೇಜಿನಲ್ಲಿ ಮೇಣದ ಡಬ್ಬಿಯ ಹಿಂದೆ ಇಟ್ಟಿದ್ದೆ. ಕೂಸು ಮಲಗಿದಾಗ ದೂರ ಕೂತು ನೋಡುತ್ತಿದ್ದೆ. ಎದ್ದು ನನ್ನ ಕಡೆ ನೋಡಿದರೆ ಹೊರಗೆ ಹೋಗುತ್ತಿದ್ದೆ. ಮೂರು ವಾರ ಹೀಗೆ. ಡ್ರೈವರ್ ಒಮ್ಮೆ ಗ್ಯಾರೇಜಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ.

"ಹೇಳಿದ್ದೀಯಾ ಅವಳಿಗೆ?"

"ಇಲ್ರಿ."

"ಡಾಕ್ಟರ್ ಹೇಳಿದ್ದು ನಾನೂ ಕೇಳಿದ್ದೇನಲ್ಲ. ಮಗುವನ್ನು ಎತ್ತಿದ್ರೆ ಎಂತ ಆಗುದಿಲ್ಲ."

"ನೀವು ಆವತ್ತು ಒಂದು ಹೆಜ್ಜಿ ಹಿಂದ ಸರದ್ರಿ ಅಣ್ಣಾರ."

ಅವನು ಹಿಡಿದಿದ್ದ ನನ್ನ ರಟ್ಟೆ ಬಿಟ್ಟ. ಆಮೇಲೆ ಎಂದ. "ಸರಿದೆ ಹೌದು. ಆವತ್ತು ಸರಿದೆ. ಮರುದಿನದಿಂದ ನಿನ್ನ ಒಟ್ಟಿಗೆ ಒಂದೇ ಬಸಿಯಲ್ಲಿ ಚಾ ಕುಡಿಯುದು ಯಾರು, ನನ್ನ ಅಜ್ಜನಾ?"

ಅದು ನಿಜ. ಆದರೂ ಧೈರ್ಯ ಬರಲಿಲ್ಲ. ಹೇಳಿದರೆ ಅವಳು ಕೂಸನ್ನು ಎತ್ತಿಕೊಂಡು ಊರಿನ ಗಾಡಿ ಹತ್ತುತ್ತಾಳೆ ಎಂದು ನಾನು ಖಾತ್ರಿ ಮಾಡಿಕೊಂಡಿದ್ದೆ.

ಬೇಸಗೆ. ನಲ್ಲಿಗೆ ಬೆಳಗ್ಗೆ ಮುಕ್ಕಾಲು ತಾಸು ಮಾತ್ರ ನೀರು ಬರುತ್ತಿತ್ತು. ಆವತ್ತು ಸಾಹೇಬರಿಗೆ ರಜೆ. ಡಿಕ್ಕಿಯಿಂದ ಕೆಟ್ಟ ಗಾಲಿಯನ್ನು ಇಳಿಸಿ, ನೆಲಕ್ಕೆ ಗೋಣಿ ಹಾಸಿ ಮೇಣ ತಿಕ್ಕುತ್ತಿದ್ದೆ. ಹೆಂಡತಿ ಸೊಂಟದ ಮೇಲೆ ಕೂಸು, ಕೈಯಲ್ಲಿ ಕೊಡ ಹಿಡಿದು ಬಂದು ಎದುರಿಗೆ ನಿಂತಳು.

"ಈ ಬೂದಿಬಡಕ ಗಾಲಿ ಮ್ಯಾಲ ಇರೂವಷ್ಟು ಜೀವ ಇದರ ಮ್ಯಾಲ ಇಲ್ಲಲ್ರಿ ನಿಮಗ."

ನಾನು ತಿಕ್ಕುತ್ತಲೇ ಇದ್ದೆ.

"ಹೆಣ್ಣಂತ ಮುಟ್ಟವಲ್ರಿ, ಹೌದಲ್ಲ? ಹೇಳಿಬಿಡ್ರಿ ಬಾಯಿ ಬಿಟ್ಟು. ನಮ್ಮಣ್ಣ ಕೇಳಿದ್ರ ಏನ್ ಹೇಳ್ಲಿ? ಗಂಡು ಹಡೀಲಿಲ್ಲಂತ ಸಿಟ್ಟು ಮಾಡ್ಯಾರ ಅಂತ ಹೇಳ್ಲೇನು?"

ಇಷ್ಟು ದಿನ ಅವಳು ಹೀಗೆ ತಿಳಿದುಕೊಂಡಿದ್ದಳು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ರಬ್ಬರಿನ ಕೈಗವಸು ಎಳೆದು ತೆಗೆದು ಕೈ ಮುಂದೆ ಮಾಡಿದೆ.

"ಮಹಾರೋಗ ಐತಿ ನನಗ."

ಅವಳು ಕೈ ನೋಡಿದಳು. ನನ್ನ ಮುಖ ನೋಡಿದಳು.

"ಯಾವಾಗಿಂದ?"

"ದಸರಾಕ್ಕ ಗೊತ್ತಾತು. ಈ ಗಾಲಿ ತೊಳಿಯೂ ಮುಂದ."

"ಯಾರ್ಯಾರಿಗೆ ಗೊತ್ತೈತಿ?"

"ಸಾಹೇಬ್ರಿಗೆ. ಡ್ರೈವರ್ ಅಣ್ಣಗ."

"ಅಂದ್ರ ನಾನೊಬ್ಬಾಕಿ ಹೊರಗಿನಾಕಿ." ಕೊಡವನ್ನು ಸೊಂಟದ ಇನ್ನೊಂದು ಕಡೆ ಇಟ್ಟಳು. "ಡಾಕ್ಟರ್ ಏನಂದ್ರು?"

"ಗುಳಿಗಿ ತಗೊಂಡ್ರ ವಾಸಿ ಆಗತೈತಿ ಅಂದ್ರು. ಕೂಸನ್ನ ಎತ್ಕೊಂಡ್ರ ಏನೂ ಆಗೂದಿಲ್ಲ ಅಂದ್ರು."

"ಅಂದ್ರಲ್ಲ. ಮತ್ತ?"

"ನೀ ಹೋಗಿಬಿಡ್ತಿ ಅಂತ..."

ಅವಳು ಉತ್ತರ ಕೊಡುವುದರೊಳಗೆ ಕಾಂಪೌಂಡಿನ ಆ ಕಡೆಯಿಂದ ಯಾರೋ ಕೂಗಿದರು. "ಪಾಣೀ ಜಾತಂಯ್!" ನೀರು ಹೋಗುತ್ತಿದೆ. ಅವಳು ನಲ್ಲಿಯ ಕಡೆ ನೋಡಿದಳು. ಅಲ್ಲಿ ಸಾಲು ಒತ್ತೊತ್ತಾಗಿ ನಿಂತಿತ್ತು. ಸೊಂಟದ ಮೇಲಿನ ಕೂಸನ್ನು ತೆಗೆದು, ಟ್ರಂಕಿನ ಮೇಲೆ ಹಾಸಿಗೆಯ ಗಂಟು ಇಡುವ ಹಾಗೆ, ನನ್ನ ತೊಡೆಯ ಮೇಲೆ ಇಟ್ಟು ಓಡಿದಳು. ಓಡುತ್ತಲೇ ಕೂಗಿದಳು. "ಗೋಣು ಹಿಡ್ಕೋರಿ, ಗೋಣು!"

ಕುತ್ತಿಗೆ ಹಿಡಿದುಕೊಂಡೆ. ಎಡಗೈಯಿಂದ ಹಿಡಿದುಕೊಂಡೆ. ಆ ಕ್ಷಣ ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ಚೆನ್ನಾಗಿ ಕಾಣುತ್ತಿತ್ತು, ಆದರೆ ಬರಲಿಲ್ಲ. ಭಯವೂ ಆಗಲಿಲ್ಲ. ಭಾರ ಎಷ್ಟಿದೆ ಎಂದಷ್ಟೇ ಅನ್ನಿಸಿತು. ಕೂಸು ನನ್ನ ಗಡ್ಡ ನೋಡಿತು, ಆಮೇಲೆ ಗಾಲಿ ನೋಡಿತು. ಆಮೇಲೆ ನನ್ನ ಬಲಗೈಯ ಕಿರುಬೆರಳನ್ನು ಹಿಡಿದು ಬಾಯಿಗೆ ಹಾಕಿಕೊಂಡು ಒಸಡಿನಿಂದ ಕಚ್ಚತೊಡಗಿತು. ಮೇಣ ಹತ್ತಿಲ್ಲ ತಾನೆ ಎಂದು ನೋಡಿದೆ. ಇರಲಿಲ್ಲ. ಅವಳು ಜೋರಾಗಿಯೇ ಕಚ್ಚುತ್ತಿದ್ದಳು, ಮುಖ ಕೆಂಪಾಗುವಷ್ಟು. ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಎಳೆದುಕೊಳ್ಳಬೇಕು ಎಂದುಕೊಂಡೆ. ಎಳೆದುಕೊಳ್ಳಲಿಲ್ಲ.

ಹೆಂಡತಿ ತುಂಬಿದ ಕೊಡ ಹೊತ್ತು ಬಂದಳು. ನಮ್ಮಿಬ್ಬರನ್ನು ನೋಡಿ ಒಂದು ಕ್ಷಣ ನಿಂತಳು. ಕೊಡದ ನೀರು ತುಳುಕಿ ಅವಳ ಹೆಗಲು ನೆನೆಯಿತು. ನಾನು ಕೂಸನ್ನು ಅವಳ ಕಡೆ ಎತ್ತಿದೆ.

"ಈಗೇನ್ ಅವಸರ? ಹಿಡ್ಕೊಂಡ್ ಕೂಡ್ರಿ" ಎಂದು ಖೋಲಿಯ ಒಳಗೆ ಹೋಗಿ, ಖಾಲಿ ಕೊಡ ಹಿಡಿದು ಮತ್ತೆ ಹೊರಗೆ ಬಂದಳು. "ಇನ್ನೂ ಎರಡು ಕೊಡ ಅದಾವು."